ಮಳೆ ರಿಜಿಸ್ಟರಿನ ಖಾಲಿ ಗೀಟು

ಕೊಡಗಿನ ಮದುವೆ ಮಂಟಪಗಳಲ್ಲಿ ಊಟ ಮುಗಿದ ಮೇಲೆ ಶುರುವಾಗುವ ಮಾತಿಗೆ ಒಂದು ಕ್ರಮ ಇದೆ. ಮೊದಲು ಕಾಫಿ ರೇಟು, ಆಮೇಲೆ ಕಾಳುಮೆಣಸು, ಆಮೇಲೆ ಆನೆ ಯಾರ ತೋಟಕ್ಕೆ ನುಗ್ಗಿತು, ಕೆಲಸಕ್ಕೆ ಜನ ಸಿಗ್ತಾ ಇಲ್ಲ ಅನ್ನೋದು. ಈಚೆಗೆ ಇದಕ್ಕೆ ಕ್ವಾಂಟಮ್, ಅಂದರೆ ಪರಮಾಣು, ಎಲೆಕ್ಟ್ರಾನ್ ಮಟ್ಟದ ಫಿಸಿಕ್ಸ್, ಕೂಡ ಸೇರಿಕೊಂಡಿದೆ. ಗೋಣಿಕೊಪ್ಪದ ಒಂದು ಮದುವೆಯಲ್ಲಿ ದೂರದ ಸಂಬಂಧದ ಮಾವ ಒಬ್ಬರು ಕುರ್ಚಿ ಎಳೆದುಕೊಂಡು ಪಕ್ಕ ಕೂತರು. "ನಾವು ನೋಡಿದರೆ ಮಾತ್ರ ಜಗತ್ತು ಇರೋದು ಕಣೋ. ಈಗ ವಿಜ್ಞಾನಿಗಳೇ ಒಪ್ಪಿಕೊಂಡಿದ್ದಾರೆ. ನಮ್ಮವರು ಯಾವತ್ತೋ ಹೇಳಿ ಆಗಿತ್ತು. ನೀನು ಫಿಸಿಕ್ಸ್ ಓದಿದವನು, ಹೌದೋ ಅಲ್ವೋ ಹೇಳು" ಅಂದರು. ಹೌದು ಅಂದರೆ ಸುಳ್ಳು. ಅಲ್ಲ ಅಂದರೆ ಪೂರ್ತಿ ನಿಜ ಅಲ್ಲ. "ಅಷ್ಟು ಸುಲಭ ಇಲ್ಲ ಮಾವ, ಸ್ವಲ್ಪ ಬೇರೆ ಥರ" ಅಂದೆ. "ಅದನ್ನೇ ನಾನೂ ಹೇಳಿದ್ದು" ಅಂತ ಅವರು ಎದ್ದು ಕಾಫಿ ಹುಡುಕಿಕೊಂಡು ಹೋದರು.

ಮಾವನ ಮೇಲೆ ನನಗೆ ಸಿಟ್ಟಿಲ್ಲ. ಈ ಮಾತು ವಾಟ್ಸಾಪ್‌ನಲ್ಲಿ ಹುಟ್ಟಿದ್ದಲ್ಲ. 1961ರಲ್ಲಿ ಯೂಜೀನ್ ವಿಗ್ನರ್ ಅನ್ನುವ ದೊಡ್ಡ ಭೌತವಿಜ್ಞಾನಿಯೇ, ಅಳತೆ ಪೂರ್ತಿ ಆಗಬೇಕಾದರೆ ಕೊನೆಗೆ ಒಂದು ಪ್ರಜ್ಞೆ ಬೇಕು ಅನ್ನೋ ಅರ್ಥದಲ್ಲಿ ಬರೆದಿದ್ದರು. ಆಮೇಲೆ ಅವರೇ ಅದನ್ನು ಕೈಬಿಟ್ಟರು. ಆದರೆ ಕೈಬಿಟ್ಟ ಸುದ್ದಿ ಅಷ್ಟು ದೂರ ಹೋಗಲಿಲ್ಲ. ಕ್ವಾಂಟಮ್‌ನ ಮೂಲ ಸಮೀಕರಣ ಬರೆದ ಶ್ರೋಡಿಂಗರ್ ವೇದಾಂತ ಓದಿ ಮೆಚ್ಚಿದ್ದೂ ನಿಜ. ಆದರೆ ಅವರ ಸಮೀಕರಣ ಬಂದದ್ದು ಡಿ ಬ್ರಾಯ್‌ನ ಅಲೆಗಳಿಂದ, ಹ್ಯಾಮಿಲ್ಟನ್‌ನ ಹಳೇ ಗಣಿತದಿಂದ. ಉಪನಿಷತ್ತಿನಿಂದ ಅಲ್ಲ.

ನನಗೆ ಇದಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದು ತುದಿಯವರು. ಡಿಗ್ರಿಯಲ್ಲಿ ನಾನು ಎಲೆಕ್ಟ್ರಾನ್ ಅಳೆಯುವ ಮೊದಲು ಎಲ್ಲಿತ್ತು ಅಂತ ಕೇಳಿದಾಗ ಬಂದ ಉತ್ತರ: "ಅದೆಲ್ಲ ಫಿಲಾಸಫಿ. ಪರೀಕ್ಷೆಗೆ ಬರಲ್ಲ." ಬಾಯಿ ಮುಚ್ಚಿ ಲೆಕ್ಕ ಮಾಡು ಅನ್ನುವ ಈ ಧೋರಣೆಗೆ ಫಿಸಿಕ್ಸ್‌ನಲ್ಲಿ ಒಂದು ಇತಿಹಾಸವೇ ಇದೆ. ಆ ಮಾತನ್ನು ಫೈನ್‌ಮನ್ ಹೇಳಿದ್ದು ಅಂತ ಎಲ್ಲ ಕಡೆ ಓದುತ್ತೇವೆ. 1989ರಲ್ಲಿ ಬರೆದದ್ದು ಡೇವಿಡ್ ಮರ್ಮಿನ್, ಅದೂ ಹೊಗಳಿಕೆಯಾಗಿ ಅಲ್ಲ. ಒಂದು ಕಡೆ ಎಲ್ಲವೂ ಪ್ರಜ್ಞೆ ಅನ್ನುವವರು, ಇನ್ನೊಂದು ಕಡೆ ಕೇಳಲೇಬೇಡ ಅನ್ನುವವರು. ಇವರಿಬ್ಬರ ನಡುವೆ ನಿಜವಾಗಿ ಏನು ಸಾಬೀತಾಗಿದೆ ಅನ್ನೋದು ಕಳೆದುಹೋಗುತ್ತದೆ. ಸಾಬೀತಾಗಿರುವುದು ಸ್ವಲ್ಪವೇ. ಆದರೆ ಆ ಸ್ವಲ್ಪವೇ ಮಾವನ ಮಾತಿಗಿಂತ ವಿಚಿತ್ರವಾಗಿದೆ.

ದೊಡ್ಡಪ್ಪನ ಪುಸ್ತಕ

ಮಳೆ ಅಳೆಯುವ ಚಟ ಕೊಡಗಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಕಕ್ಕಬ್ಬೆ ಹತ್ತಿರದ ನಮ್ಮ ತೋಟದಲ್ಲಿ ದೊಡ್ಡಪ್ಪ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಕೊಡೆ ಹಿಡಿದು ರೈನ್ ಗೇಜ್ ಹತ್ತಿರ ಹೋಗುತ್ತಿದ್ದರು. ನೀರನ್ನು ಗಾಜಿನ ಜಾಡಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಒಳಗೆ ಬಂದು ಉದ್ದದ ಪುಸ್ತಕದಲ್ಲಿ ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಬರೆಯುತ್ತಿದ್ದರು. ಆಮೇಲೆ ಫೋನು. "ನಿಮ್ಮಲ್ಲಿ ಎಷ್ಟಾಯ್ತು?" "ಮೂರು ಇಂಚು ನಲವತ್ತು." ಕಾಫಿ ಹೂವು ಅರಳಿಸುವ ಹೂಮಳೆ ಸಮಯದಲ್ಲಂತೂ ಹತ್ತು ಸೆಂಟಿಗೂ ಬೆಲೆ. ಭಾಗಮಂಡಲದಲ್ಲಿ ವರ್ಷಕ್ಕೆ 200 ಇಂಚು ದಾಟಿದರೆ ಯಾರೂ ಹುಬ್ಬೇರಿಸುವುದಿಲ್ಲ, ಕುಶಾಲನಗರದ ಕಡೆ ಅದರ ಕಾಲು ಭಾಗ ಬಿದ್ದರೂ ಹೆಚ್ಚು. ಹಾಗಾಗಿ ಪಕ್ಕದ ಊರಿನ ಲೆಕ್ಕ ನಮ್ಮ ಲೆಕ್ಕ ಆಗುವುದಿಲ್ಲ.

ನಾನು ಪಿಯುಸಿಯಲ್ಲಿದ್ದಾಗ ಒಂದು ಜೂನ್‌ನಲ್ಲಿ ಮನೆಯವರೆಲ್ಲ ಮೈಸೂರಿಗೆ ಹೋಗಬೇಕಾಯಿತು. ವಾಪಸ್ ಬಂದಾಗ ಗೇಜ್ ತುಂಬಿ ಚೆಲ್ಲಿಹೋಗಿತ್ತು. ದೊಡ್ಡಪ್ಪ ಪುಸ್ತಕ ತೆಗೆದು ಆ ದಿನಗಳ ಮುಂದೆ ಒಂದೊಂದು ಗೀಟು ಎಳೆದರು. "ಪಕ್ಕದ ತೋಟದವರನ್ನ ಕೇಳಿ ಬರೆದುಬಿಡಿ ದೊಡ್ಡಪ್ಪ, ಹೆಚ್ಚುಕಮ್ಮಿ ಅಷ್ಟೇ ಇರುತ್ತೆ" ಅಂದೆ. "ಅವರ ಮಳೆ ಅವರ ಪುಸ್ತಕದಲ್ಲಿದೆ. ನಾವು ಅಳೆದಿಲ್ಲ." "ಹಾಗಾದ್ರೆ ಸೊನ್ನೆ ಹಾಕಿ." ಅದಕ್ಕೆ ಅವರು ಕನ್ನಡಕದ ಮೇಲಿಂದ ನೋಡಿದರು. "ಸೊನ್ನೆ ಅಂದ್ರೆ ಮಳೆ ಬಂದಿಲ್ಲ ಅಂತ. ಬಂದಿದೆಯಲ್ಲ ಮಾರಾಯ, ಗದ್ದೆ ನೋಡು."

ಆ ಗೀಟಿಗೆ ಎರಡು ಅರ್ಥ ಇದೆ. ಅಳೆಯದ್ದನ್ನು ಬರೆಯಬಾರದು. ಆದರೆ ಅಳೆಯದಿದ್ದರೂ ಅಷ್ಟು ಇಂಚು, ಅಷ್ಟು ಸೆಂಟು ಅಂತ ಒಂದು ಸಂಖ್ಯೆ ಇದ್ದೇ ಇತ್ತು, ನಮಗೆ ಗೊತ್ತಾಗಲಿಲ್ಲ ಅಷ್ಟೇ. ಕ್ವಾಂಟಮ್ ಸಿದ್ಧಾಂತದ ನೂರು ವರ್ಷದ ಜಗಳವನ್ನು ನಾನು ಅರ್ಥ ಮಾಡಿಕೊಂಡಿರುವುದು ಈ ಗೀಟಿನಿಂದಲೇ. ಮೊದಲ ಮಾತಿಗೆ ಎಲ್ಲರೂ ಒಪ್ಪುತ್ತಾರೆ. ಎರಡನೆಯದಕ್ಕೆ ಒಪ್ಪುವುದಿಲ್ಲ.

1925ರಿಂದ 1935

1900ರಲ್ಲಿ ಪ್ಲಾಂಕ್, 1905ರಲ್ಲಿ ಐನ್‌ಸ್ಟೈನ್, 1913ರಲ್ಲಿ ಬೋರ್, ಇದೆಲ್ಲ ಪಿಯು ಪಠ್ಯದಲ್ಲೇ ಇದೆ, ಬಿಡೋಣ. ನನಗೆ ಕಥೆ ಶುರುವಾಗುವುದು ಜೂನ್ 1925ರಲ್ಲಿ. 23 ವರ್ಷದ ಜರ್ಮನ್ ಭೌತವಿಜ್ಞಾನಿ ಹೈಸನ್‌ಬರ್ಗ್‌ಗೆ ಪರಾಗದ ಅಲರ್ಜಿ. ಮುಖ ಊದಿಕೊಂಡು, ಹೂವು ಗಿಡ ಕಡಿಮೆ ಇರುವ ಜಾಗ ಹುಡುಕಿ ಉತ್ತರ ಸಮುದ್ರದ ಹೆಲ್ಗೋಲ್ಯಾಂಡ್ ದ್ವೀಪಕ್ಕೆ ಹೋದರು. (ಹೂಮಳೆ ಆಗಿ ತೋಟವೆಲ್ಲ ಬೆಳ್ಳಗಾದ ವಾರ ಕೊಡಗಿಗೆ ಬಂದಿದ್ದರೆ ಏನಾಗುತ್ತಿತ್ತೋ.) ಅಲ್ಲಿ ಅವರು ಮಾಡಿದ ಕೆಲಸದ ಮೂಲ ನಿಯಮ ದೊಡ್ಡಪ್ಪನದ್ದೇ. ಪರಮಾಣುವಿನೊಳಗೆ ಎಲೆಕ್ಟ್ರಾನ್ ಸುತ್ತುವ ದಾರಿಯನ್ನು ಯಾರೂ ನೋಡಿಲ್ಲ, ಆದ್ದರಿಂದ ಅದನ್ನು ಲೆಕ್ಕಕ್ಕೆ ತರುವುದೇ ಬೇಡ. ಹೊರಗೆ ಬರುವ ಬೆಳಕಿನ ಬಣ್ಣ, ಅದರ ತೀವ್ರತೆ, ಇವನ್ನು ಅಳೆಯಬಹುದು. ಇವುಗಳ ನಡುವೆ ಮಾತ್ರ ಸಂಬಂಧ ಕಟ್ಟೋಣ. ಮುಂದಿನ ವರ್ಷ ಶ್ರೋಡಿಂಗರ್ ಅಲೆಗಳ ಸಮೀಕರಣ ಬರೆದರು. ಆ ಅಲೆ ಏನು ಅಂತ ಹೇಳಿದವರು ಮ್ಯಾಕ್ಸ್ ಬಾರ್ನ್: ಅದು ಸಂಭವದ ಲೆಕ್ಕ, ಅಲೆಯ ವರ್ಗ ತೆಗೆದುಕೊಂಡರೆ ಯಾವ ಫಲಿತಾಂಶಕ್ಕೆ ಎಷ್ಟು ಅವಕಾಶ ಅಂತ ಸಿಗುತ್ತದೆ. ವರ್ಗ ತೆಗೆಯಬೇಕು ಅನ್ನುವ ಮುಖ್ಯ ಮಾತು ಆ ಲೇಖನದಲ್ಲಿ ಬಂದದ್ದು ಅಡಿಟಿಪ್ಪಣಿಯಲ್ಲಿ! 1954ರಲ್ಲಿ ಬಾರ್ನ್‌ಗೆ ನೊಬೆಲ್ ಬಂದದ್ದು ಬಹುಪಾಲು ಆ ಅಡಿಟಿಪ್ಪಣಿಗೆ ಅನ್ನಬಹುದು.

ಬಾರ್ನ್ ಬಗ್ಗೆ ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಹಿಟ್ಲರ್ ಬಂದ ಮೇಲೆ ಕೆಲಸ ಕಳೆದುಕೊಂಡ ಅವರನ್ನು ಸಿ. ವಿ. ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡಿದ್ದರು. 1935-36ರಲ್ಲಿ ಕೆಲವು ತಿಂಗಳು ಇಲ್ಲಿದ್ದರು. ಇಲ್ಲೇ ಉಳಿಸಿಕೊಳ್ಳಬೇಕು ಅಂತ ರಾಮನ್ ಪ್ರಯತ್ನಪಟ್ಟರು, ಆಗಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು. ಬೆಂಗಳೂರಿಗೆ ಹೋದಾಗಲೆಲ್ಲ ಇದು ನೆನಪಾಗಿ ಹೊಟ್ಟೆ ಉರಿಯುತ್ತದೆ.

1927ರ ಅಕ್ಟೋಬರಿನಲ್ಲಿ ಬ್ರಸೆಲ್ಸ್‌ನಲ್ಲಿ ನಡೆದ ಸಾಲ್ವೇ ಸಮ್ಮೇಳನದ ಫೋಟೋ ಎಲ್ಲ ಫಿಸಿಕ್ಸ್ ಲ್ಯಾಬಿನ ಗೋಡೆಯ ಮೇಲೂ ಇರುತ್ತದೆ, 29 ಜನ ಕೂತಿರುವುದು, ನಿಂತಿರುವುದು. ಈ ಸಿದ್ಧಾಂತ ಪೂರ್ತಿಯೋ ಅಲ್ಲವೋ ಅಂತ ಅಲ್ಲಿ ಐನ್‌ಸ್ಟೈನ್ ಬೋರ್ ವಾದ ಮಾಡಿದರು, ಪೂರ್ತಿ ಅಂದ ಬೋರ್ ಗೆದ್ದರು ಅಂತ ಕಥೆ. ಈ ಕಥೆ ನನಗೆ ಯಾವತ್ತೂ ಪೂರ್ತಿ ರುಚಿಸಿಲ್ಲ. ಐನ್‌ಸ್ಟೈನ್ ಕಡೆಯ ನಿಜವಾದ ಪೆಟ್ಟು ಬಂದದ್ದು 1935ರಲ್ಲಿ, ಪೊಡೋಲ್‌ಸ್ಕಿ ಮತ್ತು ರೋಸನ್ ಜೊತೆ ಬರೆದ ನಾಲ್ಕು ಪುಟದ ಲೇಖನದಲ್ಲಿ. ಅದರ ವಾದ ಇಷ್ಟು. ಒಟ್ಟಿಗೆ ಹುಟ್ಟಿ ದೂರ ಹೋದ ಎರಡು ಕಣ. ಇಲ್ಲಿ ಒಂದನ್ನು ಅಳೆದ ತಕ್ಷಣ ಅಲ್ಲಿರುವುದರ ಫಲಿತಾಂಶ ಏನು ಅಂತ ಖಚಿತವಾಗಿ ಹೇಳಬಹುದು. ಅಲ್ಲಿರುವುದನ್ನು ನಾವು ಮುಟ್ಟಿಲ್ಲ, ಅಲುಗಾಡಿಸಿಲ್ಲ. ಅಂದಮೇಲೆ ಆ ಸಂಖ್ಯೆ ಅಲ್ಲಿ ಮೊದಲೇ ಇದ್ದಿರಬೇಕು. ಕ್ವಾಂಟಮ್ ಸಿದ್ಧಾಂತದಲ್ಲಿ ಅದಕ್ಕೆ ಜಾಗ ಇಲ್ಲ ಅಂದರೆ, ಪುಸ್ತಕದಲ್ಲಿ ಏನೋ ಬಿಟ್ಟುಹೋಗಿದೆ ಅಂತ ಅರ್ಥ, ಮಳೆ ಬಿದ್ದಿಲ್ಲ ಅಂತ ಅಲ್ಲ. ದೊಡ್ಡಪ್ಪ ಓದಿದ್ದರೆ ತಲೆದೂಗುತ್ತಿದ್ದರು. ಬೋರ್ ಅದೇ ವರ್ಷ ಅದೇ ಶೀರ್ಷಿಕೆಯಲ್ಲಿ ಉತ್ತರ ಬರೆದರು. ಆ ಉತ್ತರ ಎಷ್ಟು ಓದಿದರೂ ಬಿಡಿಸಿಕೊಳ್ಳಲು ಕಷ್ಟ. ಆದರೂ ಜನ ಬೋರ್ ಉತ್ತರಿಸಿದ್ದಾರಂತೆ ಅಂತ ಸಮಾಧಾನಪಟ್ಟುಕೊಂಡು ಲೆಕ್ಕಕ್ಕೆ ವಾಪಸ್ ಹೋದರು. ಲೆಕ್ಕಗಳೂ ಚೆನ್ನಾಗಿಯೇ ಬರುತ್ತಿದ್ದವು, ದೂರುವವರು ಯಾರು?

ಕೇಳಿಸಿಕೊಳ್ಳದ ಮಾತು

ಇನ್ನೊಂದು ಬಾಗಿಲೂ ಮುಚ್ಚಿತ್ತು. 1932ರಲ್ಲಿ ಫಾನ್ ನಾಯ್ಮನ್ ತಮ್ಮ ಪುಸ್ತಕದಲ್ಲಿ, ಗೀಟಿನ ಹಿಂದೆ ಗುಪ್ತ ಸಂಖ್ಯೆಗಳು ಇರಲು ಸಾಧ್ಯವೇ ಇಲ್ಲ ಅಂತ ಗಣಿತದಿಂದ ತೋರಿಸಿದ್ದರು. ಅಂಥ ಗಣಿತಜ್ಞ ಹೇಳಿದ ಮೇಲೆ ಮುಗೀತು. 1935ರಲ್ಲಿ ಗ್ರೆಟೆ ಹರ್ಮನ್ ಅನ್ನುವ ಜರ್ಮನ್ ಮಹಿಳೆ ಆ ಗಣಿತದ ವಾದದಲ್ಲಿ ಒಂದು ತೂತು ಇದೆ ಅಂತ ತೋರಿಸಿದರು. ಎಮ್ಮಿ ನೋಥರ್ ಹತ್ತಿರ ಗಣಿತ ಕಲಿತವರು, ತತ್ವಶಾಸ್ತ್ರದಲ್ಲಿ ಕೆಲಸ ಮಾಡುತ್ತಿದ್ದವರು. ಫಾನ್ ನಾಯ್ಮನ್ ಊಹೆಯಾಗಿ ಇಟ್ಟುಕೊಂಡದ್ದರಲ್ಲೇ ಉತ್ತರ ಅಡಗಿದೆ ಅನ್ನೋದು ಅವರ ತಕರಾರು. ಯಾರೂ ಕೇಳಿಸಿಕೊಳ್ಳಲಿಲ್ಲ. 1952ರಲ್ಲಿ ಡೇವಿಡ್ ಬೋಮ್, ಸಾಧ್ಯವೇ ಇಲ್ಲ ಅಂದಿದ್ದನ್ನು ಮಾಡಿಯೇ ತೋರಿಸಿದರು: ಕಣಕ್ಕೆ ಯಾವಾಗಲೂ ಒಂದು ಜಾಗ ಇದೆ, ಅಲೆ ಅದನ್ನು ನಡೆಸುತ್ತದೆ, ಫಲಿತಾಂಶಗಳೆಲ್ಲ ಕ್ವಾಂಟಮ್ ಲೆಕ್ಕದಂತೆಯೇ ಬರುತ್ತವೆ. ಆ ಹೊತ್ತಿಗೆ ಬೋಮ್ ಬ್ರೆಜಿಲ್‌ನಲ್ಲಿದ್ದರು. ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೆಯುತ್ತಿದ್ದಾಗ ಸಂಸತ್ ಸಮಿತಿಯ ಮುಂದೆ ಬಾಯಿ ಬಿಡದೆ ಪ್ರಿನ್ಸ್‌ಟನ್ ಕೆಲಸ ಕಳೆದುಕೊಂಡಿದ್ದರು.

ಬೋಮ್ ಲೇಖನವನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ಒಬ್ಬರು ಬೆಲ್‌ಫಾಸ್ಟ್‌ನ ಜಾನ್ ಬೆಲ್. ಜಿನೀವಾದ ಸರ್ನ್ ಅನ್ನುವ ಕಣ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದವರು. ಅಲ್ಲಿ ಅವರ ಸಂಬಳದ ಕೆಲಸ ಬೇರೆ, ಇದು ಬಿಡುವಿನ ಕೆಲಸ. 1964ರಲ್ಲಿ ಅವರು ಬರೆದ ಲೇಖನ ಪ್ರಕಟವಾದದ್ದು ಕೆಲವೇ ವರ್ಷಗಳಲ್ಲಿ ನಿಂತುಹೋದ ಒಂದು ಪತ್ರಿಕೆಯಲ್ಲಿ. ಗೀಟಿನ ಹಿಂದೆ ಸಂಖ್ಯೆ ಇದೆಯೋ ಇಲ್ಲವೋ ಅನ್ನೋದನ್ನು ತತ್ವಶಾಸ್ತ್ರದಿಂದ ತೆಗೆದು ಪ್ರಯೋಗಾಲಯಕ್ಕೆ ತಂದು ಇಟ್ಟ ಲೇಖನ ಅದು.

ಲೆಕ್ಕ

ಇದನ್ನು ಮಳೆಯ ಭಾಷೆಯಲ್ಲೇ ಹೇಳುತ್ತೇನೆ. ಐದು ವರ್ಷ ಆಮೇಲೆ, 1969ರಲ್ಲಿ, ಕ್ಲೌಸರ್ ಮತ್ತು ಮೂವರು ಜೊತೆಗಾರರು ಬೆಲ್ ಲೆಕ್ಕಕ್ಕೆ ಕೊಟ್ಟ ರೂಪ ಇದು. ಕಕ್ಕಬ್ಬೆಯಲ್ಲಿ ಎರಡು ಗೇಜ್, ಒಂದು ಕೆಂಪು, ಒಂದು ನೀಲಿ. ಸಿದ್ದಾಪುರದಲ್ಲೂ ಹಾಗೇ ಎರಡು. ಒಂದು ಕಡೆ ಒಂದು ದಿನಕ್ಕೆ ಒಂದೇ ಗೇಜ್ ತೆರೆಯಬಹುದು. ಯಾವುದು ಅಂತ ನಾಣ್ಯ ಚಿಮ್ಮಿ ಆರಿಸಬೇಕು. ಇನ್ನೊಂದರ ಮುಂದೆ ಗೀಟು. ಗೇಜ್ ಇಂಚು ತೋರಿಸುವುದಿಲ್ಲ. ಮಳೆ ಜಾಸ್ತಿ ಅಂದರೆ ಪ್ಲಸ್ ಒಂದು, ಕಡಿಮೆ ಅಂದರೆ ಮೈನಸ್ ಒಂದು, ಅಷ್ಟೇ.

ಈಗ ಎಲ್ಲ ಗೀಟಿನ ಹಿಂದೆಯೂ ಒಂದು ಸಂಖ್ಯೆ ಇತ್ತು ಅಂತ ಇಟ್ಟುಕೊಳ್ಳಿ. ಕಕ್ಕಬ್ಬೆಯಲ್ಲಿ ಯಾವುದು ತೆರೆದರು ಅನ್ನೋದರಿಂದ ಸಿದ್ದಾಪುರದ ಸಂಖ್ಯೆ ಬದಲಾಗುವುದಿಲ್ಲ ಅಂತಲೂ ಇಟ್ಟುಕೊಳ್ಳಿ. ಎರಡೂ ಊರಿನ ಸಂಖ್ಯೆಗಳನ್ನು ಗುಣಿಸಿ: ಕೆಂಪು-ಕೆಂಪು, ಕೆಂಪು-ನೀಲಿ, ನೀಲಿ-ಕೆಂಪು, ನೀಲಿ-ನೀಲಿ. ಮೊದಲ ಮೂರನ್ನು ಕೂಡಿಸಿ, ಕೊನೆಯದನ್ನು ಕಳೆಯಿರಿ. ಉತ್ತರ ಎಷ್ಟು ಬರಬಹುದು? ಸಿದ್ದಾಪುರದ ಎರಡು ಸಂಖ್ಯೆಗಳು ಒಂದೇ ಆಗಿದ್ದರೆ, ಕಕ್ಕಬ್ಬೆಯ ನೀಲಿ ಇರುವ ಎರಡು ಪದಗಳು ಒಂದನ್ನೊಂದು ಹೊಡೆದು ಹಾಕುತ್ತವೆ, ಕೆಂಪಿನವು ಸೇರಿ ಪ್ಲಸ್ ಎರಡು ಅಥವಾ ಮೈನಸ್ ಎರಡು ಆಗುತ್ತವೆ. ಬೇರೆ ಬೇರೆ ಆಗಿದ್ದರೆ ಇದೇ ತಿರುಗುಮುರುಗು. ಯಾವ ದಿನ ತೆಗೆದುಕೊಂಡರೂ ಪ್ಲಸ್ ಎರಡು ಅಥವಾ ಮೈನಸ್ ಎರಡು. ಬೇರೆ ದಾರಿ ಇಲ್ಲ. ಹಾಗಾಗಿ ಎಷ್ಟು ವರ್ಷದ ಸರಾಸರಿ ತೆಗೆದರೂ 2 ದಾಟುವಂತಿಲ್ಲ. ನಾಲ್ಕನ್ನೂ ಒಂದೇ ದಿನ ತೆರೆಯಲು ಆಗುವುದಿಲ್ಲ ನಿಜ, ಆದರೆ ನಾಣ್ಯ ಚಿಮ್ಮಿದ್ದರಿಂದ ತೆರೆದ ದಿನಗಳ ಸರಾಸರಿ ತೆರೆಯದ ದಿನಗಳಿಗೂ ಒಪ್ಪಬೇಕು.

ಎರಡು ಊರಿನ ಮಳೆಯ ಜಾಗದಲ್ಲಿ ಒಟ್ಟಿಗೆ ಹುಟ್ಟಿ ದೂರ ಹೋದ ಆ ಎರಡು ಕಣಗಳನ್ನು ಇಟ್ಟರೆ, ಕ್ವಾಂಟಮ್ ಸಿದ್ಧಾಂತ ಹೇಳುವ ಉತ್ತರ 2.83ರ ತನಕ ಹೋಗುತ್ತದೆ.

ಮೊದಲ ಸಲ ಈ ಲೆಕ್ಕ ಮಾಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದೊಡ್ಡಪ್ಪನ ಗೀಟುಗಳ ಜಾಗದಲ್ಲಿ ಯಾವ ಸಂಖ್ಯೆ ಬೇಕಾದರೂ ತುಂಬಿ, ಮನಸ್ಸಿಗೆ ಬಂದದ್ದು ತುಂಬಿ, ಮೊತ್ತ ಸರಿಹೋಗುವುದಿಲ್ಲ. ಸಂಖ್ಯೆ ಯಾವುದು ಅಂತ ಗೊತ್ತಿಲ್ಲ ಅನ್ನೋದು ಒಂದು ಮಾತು. ಏನು ಹಾಕಿದರೂ ತಾಳೆಯಾಗದು ಅನ್ನೋದು ಬೇರೆಯದೇ ಮಾತು, ಅಲ್ವಾ?

ಪ್ರಕೃತಿ ಏನು ಹೇಳಿತು? 1972ರಲ್ಲಿ ಬರ್ಕ್‌ಲಿಯಲ್ಲಿ ಜಾನ್ ಕ್ಲೌಸರ್ ಮತ್ತು ಸ್ಟುವರ್ಟ್ ಫ್ರೀಡ್‌ಮನ್ ಕ್ಯಾಲ್ಸಿಯಂ ಪರಮಾಣುಗಳಿಂದ ಬರುವ ಜೋಡಿ ಫೋಟಾನ್‌ಗಳನ್ನು, ಅಂದರೆ ಬೆಳಕಿನ ಕಣಗಳನ್ನು, ಅಳೆದರು. ಕ್ವಾಂಟಮ್ ಸೋಲುತ್ತದೆ ಅಂತ ಕ್ಲೌಸರ್ ನಂಬಿದ್ದರು, ಅದು ಗೆದ್ದಿತು. 1982ರಲ್ಲಿ ಫ್ರಾನ್ಸ್‌ನ ಅಲೆನ್ ಆಸ್ಪೆ, ಫೋಟಾನ್‌ಗಳು ದಾರಿಯಲ್ಲಿರುವಾಗಲೇ ಯಾವುದನ್ನು ಅಳೆಯಬೇಕು ಅನ್ನೋದನ್ನು ಬದಲಾಯಿಸಿದರು, ಒಂದು ಕಡೆಯ ಸುದ್ದಿ ಇನ್ನೊಂದು ಕಡೆಗೆ ತಲುಪುವ ಅವಕಾಶ ಇರಬಾರದು ಅಂತ. 2015ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ 1.3 ಕಿಲೋಮೀಟರ್ ಅಂತರದಲ್ಲಿ, ಅದುವರೆಗೆ ಉಳಿದಿದ್ದ ಮುಖ್ಯ ಕಳ್ಳದಾರಿಗಳನ್ನು ಒಟ್ಟಿಗೇ ಮುಚ್ಚಿ ಮಾಡಿದರು. ಎಲ್ಲದರಲ್ಲೂ ಮಿತಿ ಮೀರಿತು. 2022ರ ನೊಬೆಲ್ ಕ್ಲೌಸರ್, ಆಸ್ಪೆ, ವಿಯೆನ್ನಾದ ಆಂಟನ್ ಜೈಲಿಂಗರ್ ಮೂವರಿಗೆ ಬಂತು. ಬೆಲ್ 1990ರಲ್ಲೇ ತೀರಿಕೊಂಡಿದ್ದರು.

ನೋಡುವವರು ಯಾರು

ಇಷ್ಟಾದ ಮೇಲೂ ಮಾವನ ಮಾತು ಗೆಲ್ಲುವುದಿಲ್ಲ. 1999ರಲ್ಲಿ ವಿಯೆನ್ನಾದಲ್ಲಿ 60 ಇಂಗಾಲದ ಪರಮಾಣುಗಳಿರುವ ಅಣುಗಳನ್ನು ಸೀಳುಗಳ ಮೂಲಕ ಕಳಿಸಿ, ಅಲೆಯಂತೆ ನಡೆದುಕೊಂಡರೆ ಮಾತ್ರ ಮೂಡುವ ಪಟ್ಟೆಗಳನ್ನು ಪಡೆದರು. ಕೆಲವು ವರ್ಷ ಆದ ಮೇಲೆ ಅದೇ ಊರಿನಲ್ಲಿ, 70 ಪರಮಾಣುಗಳ ಅಣುವನ್ನು ಲೇಸರ್‌ನಿಂದ ಕಾಯಿಸಿ ಕಳಿಸಿದರು. ಕಾಯಿಸಿದಷ್ಟೂ ಪಟ್ಟೆಗಳು ಮಸುಕಾಗುತ್ತಾ ಹೋಗಿ ಕೊನೆಗೆ ಅಳಿಸಿಹೋದವು. ಯಾಕೆಂದರೆ ಬಿಸಿ ಅಣು ದಾರಿಯಲ್ಲಿ ಬೆಳಕು ಸೂಸುತ್ತದೆ. ತಾನು ಯಾವ ದಾರಿಯಲ್ಲಿ ಹೋದೆ ಅನ್ನುವ ಗುರುತು ಆ ಬೆಳಕಿನ ಜೊತೆ ಹೊರಗೆ ಹೋಗುತ್ತದೆ. ಆ ಬೆಳಕನ್ನು ಯಾರೂ ನೋಡಲಿಲ್ಲ, ಯಾರೂ ಹಿಡಿದಿಡಲಿಲ್ಲ. ಗೋಡೆಗೆ ಬಡಿದು ಹೋಯಿತು. ಪಟ್ಟೆ ಅಳಿಸಲು ಮನುಷ್ಯನ ಪ್ರಜ್ಞೆ ಬೇಕಾಗಲಿಲ್ಲ, ಒಂದಿಷ್ಟು ಶಾಖ ಸಾಕಾಯಿತು. ನಾನು ಚಂದ್ರನ ಕಡೆ ನೋಡಿದಾಗ ಮಾತ್ರ ಚಂದ್ರ ಇರುತ್ತಾನಾ ಅಂತ ಐನ್‌ಸ್ಟೈನ್ ಒಮ್ಮೆ ನಡೆದು ಹೋಗುತ್ತಾ ಅಬ್ರಹಾಂ ಪೈಸ್ ಅವರನ್ನು ಕೇಳಿದ್ದರಂತೆ. ಕಕ್ಕಬ್ಬೆಯಲ್ಲಿ ಆಟಿ ತಿಂಗಳಲ್ಲಿ ಚಂದ್ರನ ಮುಖ ಕಾಣುವುದೇ ಅಪರೂಪ. ಅವನು ಅಲ್ಲೇ ಇರುತ್ತಾನೆ. ಸೂರ್ಯನ ಬೆಳಕು ಅವನಿಗೆ ಬಡಿದು ಚದುರುತ್ತಾ ಇರುವಷ್ಟು ಕಾಲ ಅವನಿಗೆ ನಮ್ಮ ಕಣ್ಣಿನ ಹಂಗಿಲ್ಲ.

ಹಾಗಾದರೆ ಗೀಟನ್ನು ಏನು ಮಾಡೋದು? ಇಲ್ಲಿ ಜನ ಒಡೆದು ಹೋಗುತ್ತಾರೆ. ಬೋರ್ ಕಡೆಯವರು ಗೀಟಿನ ಹಿಂದೆ ಏನು ಅಂತ ಕೇಳುವುದಕ್ಕೇ ಅರ್ಥ ಇಲ್ಲ ಅನ್ನುತ್ತಾರೆ. 1978ರಲ್ಲಿ ಆಶರ್ ಪೆರೆಸ್ ಬರೆದ ಒಂದು ಲೇಖನದ ಹೆಸರೇ, ಮಾಡದ ಪ್ರಯೋಗಗಳಿಗೆ ಫಲಿತಾಂಶ ಇಲ್ಲ ಅಂತ. ಬೋಮ್ ಪ್ರಕಾರ ಏನಾಗಬೇಕು ಅನ್ನೋದು ಮೊದಲೇ ನಿಶ್ಚಯ, ಆದರೆ ಕಕ್ಕಬ್ಬೆಯಲ್ಲಿ ಯಾವುದು ತೆರೆದಿರಿ ಅನ್ನೋದು ಸಿದ್ದಾಪುರದ್ದನ್ನು ಆ ಕ್ಷಣವೇ ಬದಲಾಯಿಸುತ್ತದೆ. (ಇದರಿಂದ ಒಂದು ಊರಿಂದ ಇನ್ನೊಂದು ಊರಿಗೆ ಸುದ್ದಿ ಕಳಿಸಲು ಆಗುವುದಿಲ್ಲ. ಕ್ವಾಂಟಮ್ ಹೆಸರಲ್ಲಿ ಟೆಲಿಪತಿ ಮಾರುವವರು ಈ ಮಾತನ್ನು ಹೇಳುವುದಿಲ್ಲ.) 1957ರಲ್ಲಿ ಹ್ಯೂ ಎವರೆಟ್ ಹೇಳಿದ್ದು ಇನ್ನೂ ಬೇರೆ: ಪ್ಲಸ್ಸೂ ಆಯಿತು ಮೈನಸ್ಸೂ ಆಯಿತು, ಎರಡನ್ನೂ ಬರೆದುಕೊಂಡ ಎರಡು ಪುಸ್ತಕಗಳಿವೆ, ನಿಮ್ಮ ಕೈಯಲ್ಲಿರುವುದು ಒಂದು. ಎವರೆಟ್‌ಗೆ ಗಣಿತದಲ್ಲಿ ಯಾರೂ ಸುಲಭವಾಗಿ ತಪ್ಪು ಹುಡುಕಲಾರರು. ಆದರೂ ನನಗೆ ಅದು ಒಗ್ಗುವುದಿಲ್ಲ. ಎಲ್ಲವೂ ಆಗುವುದಾದರೆ, ಬಾರ್ನ್ ಅಡಿಟಿಪ್ಪಣಿಯಲ್ಲಿ ಹೇಳಿದ ಅವಕಾಶದ ಲೆಕ್ಕ ಯಾವುದರ ಲೆಕ್ಕ? ಅವರಲ್ಲಿ ಉತ್ತರಗಳಿವೆ, ನನಗೆ ಸಾಕಾಗಿಲ್ಲ. ಇನ್ನು ಕೆಲವರು ನಾಣ್ಯ ಚಿಮ್ಮುವುದೂ ಮೊದಲೇ ನಿಗದಿಯಾಗಿದೆ ಅನ್ನುತ್ತಾರೆ. ಅಲ್ಲಿಗೆ ಯಾವ ಪ್ರಯೋಗವನ್ನೂ ನಂಬುವ ಹಾಗಿಲ್ಲ, ಅವರ ಜೊತೆ ನಾನು ಹೋಗಲಾರೆ.

2025ರಲ್ಲಿ, ಹೆಲ್ಗೋಲ್ಯಾಂಡ್‌ನ ನೂರನೇ ವರ್ಷಕ್ಕೆ, ನೇಚರ್ ಪತ್ರಿಕೆ ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳನ್ನು ಈ ಬಗ್ಗೆ ಕೇಳಿತು. ಬೋರ್ ದಾರಿಗೆ ಓಟು ಹಾಕಿದವರು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಎಲ್ಲರಿಗಿಂತ ಮುಂದೆ ಅವರೇ, ಆದರೆ ಬಹುಮತ ಇಲ್ಲ. ಒಂದೇ ಸಮೀಕರಣ ಬಳಸಿ ಒಂದೇ ಉತ್ತರ ಪಡೆಯುವವರು, ಆ ಉತ್ತರ ಯಾವುದರ ಬಗ್ಗೆ ಅನ್ನೋದರಲ್ಲಿ ಒಮ್ಮತಕ್ಕೆ ಬಂದಿಲ್ಲ. ನಮ್ಮ ದೇಶದಲ್ಲಿ 2023ರಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,000 ಕೋಟಿ ರೂಪಾಯಿಗೂ ಹೆಚ್ಚು ಇಟ್ಟಿದ್ದಾರೆ. ಆ ಹಣ ಕಂಪ್ಯೂಟರ್, ಸಂಪರ್ಕ, ಅಳತೆಯ ಉಪಕರಣಗಳಿಗೆ. ಬೇಡ ಅನ್ನಲ್ಲ. ಆದರೆ ಆ ಉಪಕರಣಗಳಲ್ಲಿ ಬಹಳಷ್ಟು ನಿಂತಿರುವುದು ಬೆಲ್ ಬಿಡುವಿನಲ್ಲಿ ಕೂತು ಕೆದಕಿದ ವಿಷಯದ ಮೇಲೆ.

ನನ್ನ ಕುತೂಹಲ ಈಗ ಉಳಿದಿರುವುದು 1986ರಲ್ಲಿ ಗಿರಾರ್ದಿ, ರಿಮಿನಿ, ವೆಬರ್ ಮೂವರು ಇಟ್ಟ ದಾರಿಯ ಮೇಲೆ. ಅವರು ವ್ಯಾಖ್ಯಾನ ಮಾಡಲಿಲ್ಲ, ಸಮೀಕರಣವನ್ನೇ ಸ್ವಲ್ಪ ತಿದ್ದಿದರು. ಅಲೆ ಆಗಾಗ ತಾನಾಗಿಯೇ ಕುಸಿದು ಒಂದು ಕಡೆ ಸೇರುತ್ತದೆ, ಒಂದು ಕಣಕ್ಕೆ ಇದು ತೀರಾ ಅಪರೂಪ, ಕೋಟ್ಯಂತರ ಕಣಗಳು ಒಟ್ಟಿಗಿದ್ದರೆ ತಕ್ಷಣ. ಯಾರೂ ನೋಡಬೇಕಿಲ್ಲ, ಅಳೆಯಬೇಕಿಲ್ಲ. ಇದು ಸರಿಯೋ ತಪ್ಪೋ ನನಗೆ ಹೇಳಲು ಬರುವುದಿಲ್ಲ. ಇಷ್ಟವಾಗುವುದು ಒಂದೇ ಕಾರಣಕ್ಕೆ: ಇದನ್ನು ಪ್ರಯೋಗದಲ್ಲಿ ಸೋಲಿಸಬಹುದು. ಅಣುಗಳನ್ನು ದೊಡ್ಡದು ಮಾಡುತ್ತಾ ಹೋಗಬೇಕು, ಇವರ ಮಾತು ಸರಿಯಾದರೆ ಯಾವುದೋ ಒಂದು ಗಾತ್ರದಲ್ಲಿ, ಯಾವ ಶಾಖವೂ ಯಾವ ಗಾಳಿಯೂ ಕಾರಣ ಅಲ್ಲದೆ ಪಟ್ಟೆಗಳು ಮಾಯವಾಗಬೇಕು. 2019ರಲ್ಲಿ ವಿಯೆನ್ನಾದವರು ಸುಮಾರು 2,000 ಪರಮಾಣುಗಳಿರುವ ಅಣುವಿನ ತನಕ ಹೋದರು. ಪಟ್ಟೆ ಇನ್ನೂ ಬಂತು.